ಮೂಕಿ ಚಿತ್ರದ ಕೊನೆಯ ಕ್ಯಾಸೆಟ್

"ಥಾಂಬಾ! ಚೋರ್... ಚೋರ್!"

ನಿಲ್ಲು ಎಂದು ಕೂಗುತ್ತ ಹಿಂದೆ ಒಂದು ಸ್ಕೂಟಿ. ಮುಂದೆ ಇತವಾರಿ ಪೇಟೆಯ ಟ್ರಾಫಿಕ್. ನನ್ನ ಅಂಗಿಯೊಳಗೆ ಒಂದು ಹಳೆಯ ವೀಡಿಯೊ ಕ್ಯಾಸೆಟ್!

ಬೈಕಿನ ಆಕ್ಸಿಲರೇಟರ್ ತಿರುವಿದೆ.

ನಾನು ಬಸವ. ನಾಗಪುರದಲ್ಲಿ ಕಳೆದದ್ದನ್ನು ಹುಡುಕಿಕೊಡುತ್ತೇನೆ. ಕಳೆಯದೇ ಇದ್ದದ್ದನ್ನೂ ತಂದುಕೊಡುತ್ತೇನೆ.

ಈ ಕೆಲಸ ಕೊಟ್ಟವನು ಶಿವಪ್ರಸಾದ್. ಸಿವಿಲ್ ಲೈನ್ಸ್‌ನಲ್ಲಿ ಆಫೀಸು. ದೇಶವಿದೇಶಗಳ ಅಪರೂಪದ ಹಳೆಯ ಚಿತ್ರಗಳನ್ನು ಡಿಸ್ಕ್ ಮಾಡಿ ಮಾರುತ್ತಾನೆ.

"ಪ್ರಾಗ್‌ನ ಮೂಕಿ ಚಿತ್ರ. ಪ್ರಿಂಟ್ ಎಲ್ಲ ಸುಟ್ಟುಹೋಗಿದೆ. ಉಳಿದಿರೋದು ಇದೊಂದೇ ಕ್ಯಾಸೆಟ್! ಕೇಳಿದ್ರೂ ಮುದುಕ ಕೊಡ್ತಿಲ್ಲ. ನೀನು ತಗೊಂಡು ಬಾ," ಎಂದಿದ್ದ.

ಮುದುಕ ಅಂದರೆ ಶಂಕರಪ್ಪನವರು. ಆರ್ಡ್‌ನೆನ್ಸ್ ಫ್ಯಾಕ್ಟರಿಯಿಂದ ರಿಟೈರ್ ಆದವರು. ಟ್ರೇನಿಂಗಿಗೆ ಪ್ರಾಗ್‌ಗೆ ಹೋದಾಗ ತಂದ ಕ್ಯಾಸೆಟ್ಟಂತೆ. ಈಗ ಎರಡೂ ಕಣ್ಣು ಹೋಗಿವೆ.

ಅವರ ಹೆಂಡತಿ ಹೊರಗೆ ಹೋಗುವುದನ್ನೇ ಕಾದು ಒಳಗೆ ಹೋದೆ. ಕ್ಯಾಸೆಟ್ ಕ್ಲೀನ್ ಮಾಡುವವನು ಎಂದೆ.

"ಫಂಗಸ್ ಬಂದೈತ್ರಿ. ಸಂಜೀಕ ತಂದುಕೊಡ್ತೀನಿ."

ಕನ್ನಡ ಕೇಳಿ ಅವರ ಮುಖ ಅರಳಿತು. "ನಮ್ಮ ಕಡೆಯವರ ಅದೀರಿ! ಒಯ್ರಿ, ಒಯ್ರಿ," ಎಂದು ತಾವೇ ಕೈಗಿಟ್ಟರು.

ಕುರುಡರಿಗೇಕೆ ಸಿನಿಮಾ? ಹಾಗಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಬಾಗಿಲಲ್ಲಿ ಅವರ ಮಗಳು ಸೌಜನ್ಯಾ ಎದುರಾದಳು. "ನಿಮ್ಮನ್ನ ಯಾರು ಕರೆಸಿದ್ರು?"

ಅವಳನ್ನು ಪಕ್ಕಕ್ಕೆ ಸರಿಸಿದೆ. ಓಡಿದೆ!

ಈಗ ಸ್ಕೂಟಿಯಲ್ಲಿ ಬೆನ್ನು ಹತ್ತಿದವಳು ಅವಳೇ.

ತಟ್ಟನೆ ಕೈಗಾಡಿಯೊಂದು ಅಡ್ಡ ಬಂತು. ಬ್ರೇಕ್ ಒತ್ತಿದೆ. ಬಿದ್ದೆ. ಕ್ಯಾಸೆಟ್ ಜಾರಿ ಟೆಂಪೋ ಚಕ್ರದಡಿ...

ಕರಕ್!

ರೀಲು ಚಕ್ರಕ್ಕೆ ಸುತ್ತಿಕೊಂಡಿತು. ಟೆಂಪೋ ನಿಲ್ಲಲಿಲ್ಲ.

"ಅರೇ ರುಕೋ!"

ಇಬ್ಬರೂ ಅದರ ಹಿಂದೆ ಓಡಿದೆವು. ಕದ್ದವನು, ಕಳಕೊಂಡವಳು, ಜೊತೆಜೊತೆಗೆ! ಸಿಗ್ನಲ್‌ನಲ್ಲಿ ಟೆಂಪೋ ಸಿಕ್ಕಿತು. ನನ್ನ ಕೈಗೆ ಬಂದದ್ದು ಗ್ರೀಸ್ ಮೆತ್ತಿದ ಒಂದು ಹಿಡಿ ಚೂರು.

ಸೌಜನ್ಯಾ ಕೆನ್ನೆಗೆ ಬಾರಿಸಿದಳು.

"ಅವರಿಗೆ ಕಣ್ಣು ಕಾಣಂಗಿಲ್ಲಂತ..."

"ಅಪ್ಪ ಕೇಳ್ತಾರ! ಅವ್ವ ಬಾಜೂಕ ಕುಂತು ಒಂದೊಂದ ಸೀನ್ ಹೇಳ್ತಾಳ. ದಿನಾ ಸಂಜೀಕ. ಸಮಝ್ಲಾ?"

"ಶಿವಪ್ರಸಾದ್ ಕೇಳಿದಾಗ ಕೊಡಲಿಲ್ಲಂತಲ್ಲ?"

"ಯಾರೂ ಕೇಳೇ ಇಲ್ಲ! ಕೇಳಿದ್ರ ಕಾಪಿ ಮಾಡ್ಕೊಳ್ರಿ ಅಂತ ಫುಕಟ್ ಕೊಡ್ತಿದ್ರು!"

ಕೆನ್ನೆಯ ಉರಿ ಆಗ ಒಳಗಿಳಿಯಿತು.

ನೇರ ಸಿವಿಲ್ ಲೈನ್ಸ್‌ಗೆ ಹೋದೆ. ಒಂದಷ್ಟು ಚೂರನ್ನು ಶಿವಪ್ರಸಾದನ ಟೇಬಲ್ ಮೇಲೆ ಎಸೆದೆ.

"ಏನಿದು?"

"ನಿನ್ನ ಪಿಕ್ಚರು. ಅವರನ್ನ ಒಂದು ಮಾತು ಕೇಳಬಾರದಿತ್ತೇನು?"

"ಕೇಳಿದ್ರೆ ಚಿತ್ರ ಉಳಿಸಿದ ಕೀರ್ತಿ ಅವರಿಗೆ ಹೋಗುತ್ತೆ, ಈಡಿಯಟ್! ನಿನಗೆ ಜೀವ ಬೇಡ್ವಾ?"

ಅವನ ಬಾಡಿಗಾರ್ಡ್ ನನ್ನ ತುಟಿ ಒಡೆದ. ನಾನು ಶಿವಪ್ರಸಾದನ ಮೂಗು ಒಡೆದೆ. ಮನಸ್ಸು ಹಗುರಾಗುತ್ತದೆ ಎಂದುಕೊಂಡಿದ್ದೆ.

ಆಗಲಿಲ್ಲ.

ಸಂಜೆ ಶಂಕರಪ್ಪನವರ ಮನೆಗೆ ಹೋದೆ. ನಿಜ ಹೇಳಲೆಂದೇ ಹೋದೆ! ಸೌಜನ್ಯಾ ಬಾಗಿಲಲ್ಲೇ ತಡೆದು, ಒಂದು ಖಾಲಿ ಕ್ಯಾಸೆಟ್ ಕೈಗೆ ತುರುಕಿದಳು.

"ಖರೆ ಹೇಳಿದ್ರ ಅಪ್ಪ ತಡಕೊಳ್ಳಂಗಿಲ್ಲ. ಅವ್ವಗ ಗೊತ್ತೈತಿ. ಒಳಗ ಬಂದು ಗಪ್ ಕೂಡ್ರು!"

ಅವಳ ಅವ್ವ ಮಹಾದೇವಮ್ಮ ನನ್ನ ಮುಖ ನೋಡಲಿಲ್ಲ. ಕ್ಯಾಸೆಟ್ ಹಾಕಿ, ಸದ್ದು ಬಂದ್ ಮಾಡಿದರು. ಟೀವಿಯ ತುಂಬ ಬರೀ ಬಿಳಿ ಚುಕ್ಕೆ. ಗಂಡನ ಪಕ್ಕ ಕುಳಿತರು.

"ಹಿಮ ಬೀಳಾಕತ್ತೈತ್ರಿ... ಹುಡುಗಿ ಸೇತುವೆ ಮ್ಯಾಲೆ ಬಂದ್ಲು... ಕೈಯಾಗ ಕಂದೀಲ ಐತಿ..."

"ಗಾಳಿಗೆ ಆರ್ತೈತೇನ?"

"ಇನ್ನೂ ಇಲ್ರಿ. ಸೆರಗ ಮರೆ ಮಾಡ್ಯಾಳ."

ಸೆರಗಿನಿಂದ ಕಣ್ಣೊರೆಸಿಕೊಂಡರು. ದನಿ ಮಾತ್ರ ನಡುಗಲಿಲ್ಲ. ಪ್ರಾಗ್‌ನ ಹುಡುಗಿಗೆ ಸೆರಗೆಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ.

ಚಿತ್ರ ಮುಗಿಯಿತು. ಶಂಕರಪ್ಪನವರು ನಕ್ಕರು. "ಕ್ಲೀನ್ ಚಲೋ ಆಗೈತೇನ?"

"ಹೊಸಾದರಂಗ ಕಾಣ್ತೈತ್ರಿ," ಎಂದರು ಮಹಾದೇವಮ್ಮ.

ಶಂಕರಪ್ಪನವರು ಎದ್ದು, ತಡವರಿಸುತ್ತ ಕಪಾಟಿನಿಂದ ಇನ್ನೊಂದು ಕ್ಯಾಸೆಟ್ ತೆಗೆದು ನನ್ನತ್ತ ಚಾಚಿದರು.

"ತಮ್ಮಾ, ಜಪಾನಿಂದು. ಇದನ್ನೂ ಒಯ್ರಿ. ನಿಮ್ಮ ಮ್ಯಾಲೆ ಭರೋಸಾ ಬಂತು."

ಚಾಕು ಚಾಚಿದವರ ಮುಂದೆ ನಾನು ಎಂದೂ ಹಿಂದೆ ಸರಿದವನಲ್ಲ. ಆ ಕ್ಯಾಸೆಟ್ ಕಂಡು, ಬೆನ್ನಿಗೆ ಗೋಡೆ ತಾಗುವವರೆಗೆ ಸರಿದೆ!