ಗೇಟಿನ ಮೇಜು

"ಬ್ಯಾಗ್ ತೆಗೀರಿ."

ಹೊಸ ದನಿ ಕೇಳಿ ಪವಿತ್ರಾ ತಲೆಯೆತ್ತಿದಳು. ಸೆಕ್ಯೂರಿಟಿ ಉಮೇಶನ ಪಕ್ಕದಲ್ಲಿ ಇಂದು ಹೊಸಬನೊಬ್ಬ ನಿಂತಿದ್ದ. ರೆಸಾರ್ಟಿನ ಯಜಮಾನ ಏಕಾಂತಪ್ಪನವರ ಮಗ ಶಶಿಕಿರಣ್. ಮ್ಯಾನೇಜರ್ ಆಗಿ ಅವನಿಗೆ ಅದು ಮೊದಲ ದಿನ.

ಜಾವಳಿ ಹತ್ತಿರದ ಆ ರೆಸಾರ್ಟಿನಲ್ಲಿ ಒಂದು ಪದ್ಧತಿಯಿತ್ತು. ಕೆಲಸ ಮುಗಿಸಿದವರೆಲ್ಲ ಗೇಟಿನ ಮೇಜಿನ ಮೇಲೆ ಬ್ಯಾಗ್ ಸುರಿದು ತೋರಿಸಿ, ಆಮೇಲೆ ಜೀಪು ಹತ್ತಬೇಕು. ಯಜಮಾನರ ಕಾರಿಗೆ ಮಾತ್ರ ಸಲ್ಯೂಟ್.

ಅವಳು ಸುರಿದಳು. ಬುತ್ತಿ ಡಬ್ಬಿ, ಕೊಡೆ, ಬಾಚಣಿಗೆ... ಪೇಪರಿನಲ್ಲಿ ಸುತ್ತಿದ ಪ್ಯಾಡ್. ಉಮೇಶ ಅದನ್ನೂ ಕೋಲಿನಿಂದ ಬಿಡಿಸಿ ನೋಡಿದ.

ಭೂಮಿ ಬಾಯ್ಬಿಡಬಾರದೇ ಅನಿಸಿತು ಅವಳಿಗೆ. ಆದರೂ ಕಣ್ಣು ತಗ್ಗಿಸಲಿಲ್ಲ. "ನೋಡಿ ಆಯ್ತಾ ಸಾರ್?"

ಶಶಿಕಿರಣ್ ಮುಖ ಆ ಕಡೆ ತಿರುಗಿಸಿಕೊಂಡಿದ್ದ. ಕಿವಿ ಕೆಂಪಾಗಿತ್ತು.

ಅಷ್ಟಾದರೂ ಮರ್ಯಾದೆ ಇದೆಯಲ್ಲ... ಜೀಪಿನಲ್ಲಿ ಕೂತ ಮೇಲೂ ಅವಳಿಗೆ ಅದೇ ಯೋಚನೆ. ಹಾಳು ಮನಸ್ಸು, ಅವಮಾನ ಮಾಡಿದವನನ್ನೇ ನೆನೆಯುತ್ತಿತ್ತು!

ಮರುದಿನದಿಂದ ಅವಳ ಬ್ಯಾಗನ್ನು ಯಾರೂ ಮುಟ್ಟಲಿಲ್ಲ. ಚಿಕ್ಕ ಯಜಮಾನರ ಅಪ್ಪಣೆ ಎಂದ ಉಮೇಶ.

ಅವಳಿಗೆ ಖುಷಿಯಾಯಿತು, ಸುಳ್ಳೇಕೆ? ಕಾರಿಡಾರಿನಲ್ಲಿ ಊಟ ಆಯ್ತಾ ಎಂದು ಅವನು ಕೇಳುವುದು, ಇವಳು ಬೆಡ್‌ಶೀಟಿನ ರಾಶಿಯ ಹಿಂದೆ ಮುಖ ಮರೆಸಿಕೊಂಡು ಹೂಂ ಎನ್ನುವುದು... ಮಳೆಗಾಲವೆಲ್ಲ ಹೀಗೇ ಕಳೆಯಿತು.

ಉಳಿದವರು ಮಾತ್ರ ಬ್ಯಾಗ್ ಸುರಿಯುತ್ತಲೇ ಇದ್ದರು. ಅವರನ್ನು ದಾಟಿ ಇವಳೊಬ್ಬಳೇ ಹೋಗಿ ಜೀಪಿನಲ್ಲಿ ಕೂರುತ್ತಿದ್ದಳು. ಕ್ರಮೇಣ ಪಕ್ಕದಲ್ಲಿ ಕೂರುವವರೇ ಇಲ್ಲವಾದರು. ಜೊತೆಯಲ್ಲಿ ರೂಮು ಗುಡಿಸುವ ನಂಜಮ್ಮ ಕೂಡ ಅವಳನ್ನು ಊಟಕ್ಕೆ ಕರೆಯುವುದು ಬಿಟ್ಟಳು.

ಒಂದು ಶನಿವಾರ ಗೆಸ್ಟೊಬ್ಬರು ತಮ್ಮ ಚಿನ್ನದ ಬಳೆ ಕಾಣುತ್ತಿಲ್ಲ ಎಂದು ದೂರಿದರು.

ಸಂಜೆ ಏಕಾಂತಪ್ಪನವರೇ ಗೇಟಿಗೆ ಬಂದರು. ಬಳೆ ನಿನ್ನೆಯಿಂದ ಇಲ್ಲವಂತೆ, ನಿನ್ನೆ ಒಂದು ಬ್ಯಾಗ್ ಬಿಟ್ಟು ಎಲ್ಲವನ್ನೂ ನೋಡಿದ್ದೇವೆ ಎಂದರು. ಬೆಳಗ್ಗೆಯೊಳಗೆ ಬಳೆ ಸಿಗದಿದ್ದರೆ ಪೊಲೀಸರನ್ನು ಕರೆಸುವುದಾಗಿ ಹೇಳಿದರು.

ಎಲ್ಲರೂ ಪವಿತ್ರಾಳತ್ತ ತಿರುಗಿದರು. ಆ ರೂಮು ಗುಡಿಸಿದವಳೂ ಅವಳೇ.

ಶಶಿಕಿರಣ್ ಓಡಿ ಬಂದ. "ಅಪ್ಪ, ಅವಳು ಅಂಥವಳಲ್ಲ."

ಅದು ಅವಳಿಗೆ ಇನ್ನಷ್ಟು ಚುಚ್ಚಿತು.

"ಹಂಗಾದ್ರೆ ಇವ್ರೆಲ್ಲ ಅಂಥವ್ರಾ ಸಾರ್? ನನ್ನೊಬ್ಳನ್ನೇ ಒಳ್ಳೆಯವ್ಳು ಅಂತ ಬಿಟ್ರಿ. ಇವತ್ತು ಅದಕ್ಕೇ ನಾನೊಬ್ಳೇ ಕಳ್ಳಿ. ನನ್ ಮೇಲೆ ಪ್ರೀತಿ ಇದ್ದಿದ್ರೆ ಈ ಮೇಜು ತೆಗೆಸ್ಬೇಕಿತ್ತು..."

ಬಾಯಿಂದ ಜಾರಿದ ಆ ಮಾತು ಎಲ್ಲರಿಗೂ ಕೇಳಿಸಿತ್ತು.

ಶಶಿಕಿರಣ್ ಬಿಳಿಚಿಕೊಂಡ. ಒಳ್ಳೆಯದು ಮಾಡಲು ಹೋಗಿ ಅವಳನ್ನು ಒಂಟಿ ಮಾಡಿದವನು ತಾನೇ ಎಂದು ಅವನಿಗೆ ಆಗಷ್ಟೇ ಹೊಳೆಯಿತು. ಹೆಗಲಿನ ಬ್ಯಾಗ್ ತೆಗೆದು ಮೇಜಿನ ಮೇಲೆ ಸುರಿದ.

"ಆ ರೂಮಿನ ಕೀ ನನ್ ಹತ್ರನೂ ಇದೆ, ನಿಮ್ ಹತ್ರನೂ ಇದೆ. ನಿಮ್ ಕಾರಿನ ಡಿಕ್ಕಿ ತೆಗೀರಿ ಅಪ್ಪ. ಉಮೇಶ ನೋಡ್ಲಿ."

"ನನ್ನನ್ನೇನು ಕಳ್ಳ ಅಂತ ತಿಳ್ಕೊಂಡ್ಯಾ?" ಗುಡುಗಿದರು ಏಕಾಂತಪ್ಪ.

ಸಾಲಿನಿಂದ ನಂಜಮ್ಮ ಮೆಲ್ಲಗೆ ಹೇಳಿದಳು. "ನಮ್ಗೂ ದಿನಾ ಹಂಗೇ ಅನ್ನಿಸ್ತದೆ ಯಜಮಾನ್ರೆ."

ಹೇಳಿ, ಬಂದು ಪವಿತ್ರಾಳ ಪಕ್ಕ ನಿಂತಳು. ಯಜಮಾನರು ಡಿಕ್ಕಿ ತೆಗೆಯದೆ ಒಳಗೆ ನಡೆದರು.

ಆ ರಾತ್ರಿಯೇ ಬಳೆ ಗೆಸ್ಟಿನ ಮಗುವಿನ ಸ್ವೆಟರ್ ತೋಳಿನಲ್ಲಿ ಸಿಕ್ಕಿತು. ಆದರೂ ಪವಿತ್ರಾ ಕೆಲಸಕ್ಕೆ ಹೋಗಲಿಲ್ಲ. ಕೊನೆಗೊಂದು ದಿನ ನಂಜಮ್ಮ ಫೋನ್ ಮಾಡಿದಳು, ಮೇಜು ತೆಗೆದ್ರು, ಬಾ ಮಾರಾಯ್ತಿ ಎಂದು.

ಮರುದಿನ ಗೇಟಿನಲ್ಲಿ ಮೇಜಿನ ಕಾಲುಗಳ ಗುರುತಷ್ಟೇ ಇತ್ತು. ಅಲ್ಲೇ ಶಶಿಕಿರಣ್ ಕಾಯುತ್ತಿದ್ದ.

"ಮೇಜೆಲ್ಲಿ ಸಾರ್?"

"ಅಡುಗೆಮನೆ ಹಿಂದೆ. ನೀವೆಲ್ಲ ಕೂತು ಊಟ ಮಾಡೋಕೆ. ಅಪ್ಪ ಇನ್ನೂ ನನ್ ಹತ್ರ ಮಾತಾಡ್ತಿಲ್ಲ." ಅವನು ತಡವರಿಸಿದ. "ಅವತ್ತು ಪ್ರೀತಿ ಇದ್ದಿದ್ರೆ ಅಂದ್ಯಲ್ಲ... ಇದೆ ಪವಿತ್ರಾ. ತೋರ್ಸೋದು ಗೊತ್ತಿರ್ಲಿಲ್ಲ."

ಅವಳು ಬ್ಯಾಗಿನ ಜಿಪ್ ಎಳೆದಳು. ಅವನು ಗಾಬರಿಯಾಗಿ ಮುಖ ತಿರುಗಿಸಿದ.

"ಇವತ್ತು ನೋಡಿ. ಯಾರೂ ಹೇಳ್ದೆ ನಾನೇ ತೆಗೀತಿದೀನಿ."

ಡಬ್ಬಿಯಲ್ಲಿ ಅಕ್ಕಿರೊಟ್ಟಿ, ಕಳಲೆ ಪಲ್ಯ. ಒಬ್ಬರಿಗೆ ಜಾಸ್ತಿಯೇ ಇತ್ತು.

"ನಂಗೂ ಇದ್ಯಾ?"

"ಎಲ್ಲರ ಜೊತೆ ಆ ಮೇಜಿಗೇ ಬರೋದಾದ್ರೆ."

"ಸಾರ್ ಅನ್ನೋದು ಬಿಟ್ರೆ ಬರ್ತೀನಿ."

ಅವಳ ಕಣ್ಣು ತುಂಬಿತ್ತು, ತುಟಿ ನಗುತ್ತಿತ್ತು.

"ಮಧ್ಯಾಹ್ನ ಕೈ ತೊಳ್ಕೊಂಡು ಬನ್ನಿ... ಶಶಿ."