ಒಳಕ್ಕೆ ನೋಡಿದ ಸಿಂಹ

ಬಹಳ ಹಿಂದೆ, ಇಟ್ಟಿಗೆಯನ್ನು ಬಿಸಿಲೇ ಸುಡುತ್ತಿದ್ದ ಕಾಲದಲ್ಲಿ, ಸುಮೇರರ ಸೀಮೆಯಲ್ಲಿ ಉಮ್ಮಾರು ಅನ್ನುವ ಒಂದು ರಾಜ್ಯವಿತ್ತು. ಅಲ್ಲಿ ಮನೆ ಮಣ್ಣಿನದು, ತಟ್ಟೆ ಮಣ್ಣಿನದು, ಪೈರು ಕೊಯ್ಯುವ ಕುಡುಗೋಲೂ ಮಣ್ಣಿನದೇ. ಇನ್ನು ಕಾವಲುಗಾರರು? ಅವರೂ ಮಣ್ಣಿನವರು.

ಬೆರಳುದ್ದದ ದುಂಡುಕಲ್ಲಿನ ಮೇಲೆ ಪ್ರಾಣಿಯೊಂದನ್ನು ಕೆತ್ತಿ ಮುದ್ರೆ ಮಾಡುತ್ತಿದ್ದರು. ಬೀದಿಯಿಂದ ಬಾಗಿಲೊಳಗೆ ಹೋಗುವಾಗ ಎಡಕ್ಕೆ ಸಿಗುವ ಗೋಡೆಗೆ ಹಸಿ ಜೇಡಿಮಣ್ಣು ಮೆತ್ತಿ, ಮುದ್ರೆಯನ್ನು ರೊಟ್ಟಿ ಲಟ್ಟಿಸಿದಂತೆ ಉರುಳಿಸಿದರೆ ಪ್ರಾಣಿ ಮೂಡುತ್ತಿತ್ತು, ಮೈ ಕೊಡವಿ ನೆಲಕ್ಕಿಳಿಯುತ್ತಿತ್ತು. ಮುಖ ಯಾವ ಕಡೆಗಿದೆಯೋ ಆ ಕಡೆ ಇದ್ದವರನ್ನು ಒಂದೇ ಪ್ರಶ್ನೆ ಕೇಳುತ್ತಿತ್ತು: "ಕೈಯಲ್ಲಿರೋದು ನಿಂದೇನಾ?" ಅದರ ಮುಂದೆ ಸುಳ್ಳೂ ನಡೆಯದು, ಮಂತ್ರವೂ ನಡೆಯದು. ಹಾಗಾಗಿ ಊರಲ್ಲಿ ಕಳ್ಳರಿರಲಿಲ್ಲ.

ಮುದ್ರೆ ಕೆತ್ತುವುದರಲ್ಲಿ ಗೇಮೆ ಅನ್ನುವ ಮುದುಕಿಯನ್ನು ಮೀರಿಸಿದವರಿಲ್ಲ. ಈಗ ಅವಳ ಕೈ ನಡುಗುತ್ತಿತ್ತು, ಬಾಯಿ ಮಾತ್ರ ಗಟ್ಟಿಯಾಗಿತ್ತು. ಆ ಬಾಯಿಗೆ ಸಿಕ್ಕವಳು ಅವಳ ತಮ್ಮನ ಮಗಳು, ತಬ್ಬಲಿ ಶಿಬ್ತು.

"ಲೇ ಶಿಬ್ತು! ಗೋಡೆಗೆ ಎದುರಾಗಿ ನಿಂತರೆ ಎಡಕ್ಕೆ ಬೀದಿ, ಬಲಕ್ಕೆ ಮನೆ. ಪ್ರಾಣಿ ಬೀದಿ ನೋಡಬೇಕು. ಕಲ್ಲಲ್ಲಿ ಬಲಕ್ಕೆ ನೋಡಿದ್ದು ಮಣ್ಣಲ್ಲಿ ಎಡಕ್ಕೆ ನೋಡತ್ತೆ. ತಿರುಗಾಮುರುಗಾ ಕೆತ್ತು ಅಂತ ಇನ್ನೆಷ್ಟು ಸಲ ಹೇಳಲಿ?"

"ಮರೆತುಹೋಯ್ತು, ಅತ್ತೆ."

"ಊಟ ಮರೀತೀಯಾ?"

ಚೆನ್ನಾಗಿದೆ ಅನ್ನುವ ಮಾತು ಅತ್ತೆಯ ಬಾಯಿಂದ ಯಾವತ್ತೂ ಬಂದದ್ದಿಲ್ಲ.

ಹೀಗಿರಲು ಲುಗುಬ್ಬ ಅನ್ನುವ ಮಾಯಗಾರ ಬಂದ. ನದಿಗೆ ಬಾಗಿಲಿಲ್ಲವಲ್ಲ, ಕಾವಲೂ ಇರಲಿಲ್ಲ. ಅವನು ದಡದಲ್ಲಿ ಕೂತು ಇಡೀ ನದಿಯನ್ನು ಒಂದು ಗಡಿಗೆಗೆ ತುಂಬಿಕೊಂಡ, ಹಳೇ ಕಣಜದೊಳಗೆ ಹೋಗಿ ಕೂತ. ಜವೆಗೋಧಿ ಒಣಗಿತು, ಖರ್ಜೂರದ ಮರಗಳು ತಲೆ ಇಳಿಬಿಟ್ಟವು. ರಾಜ ಕಳಿಸಿದ ಸೈನಿಕರನ್ನೆಲ್ಲ ಲುಗುಬ್ಬ ಜೊಂಡು ಹುಲ್ಲಾಗಿ ಮಾಡಿ ಅಂಗಳದಲ್ಲಿ ನಿಲ್ಲಿಸಿದ.

ಆದರೆ ಕದ್ದ ಮಾಲಿನ ಪಕ್ಕ ನಿದ್ದೆ ಎಲ್ಲಿಂದ ಬರಬೇಕು? ಕಣ್ಣು ಮುಚ್ಚಿದರೆ ಸಾಕು, ಗಡಿಗೆಯೊಳಗಿನ ಕಪ್ಪೆಗಳು ವಟಗುಟ್ಟುತ್ತಿದ್ದವು, ಹೊರಗೆ ಯಾರೋ ಬಂದಂತಾಗುತ್ತಿತ್ತು. ಕೆಂಗಣ್ಣಿನ ಮಾಯಗಾರ ಅತ್ತೆ ಸೊಸೆ ಇಬ್ಬರನ್ನೂ ಮಂತ್ರದಿಂದ ಕಣಜದ ಬಾಗಿಲಿಗೆ ಎಳೆದುಕೊಂಡ.

"ನನ್ನ ಬಾಗಿಲಿಗೊಂದು ಕಾವಲು ಬೇಕು. ಏ ಹುಡುಗಿ, ಗೂಳಿ ಕೆತ್ತು."

ಶಿಬ್ತು ಬೇಕೆಂದೇ ಮೂರು ಕಾಲಿನ ಗೂಳಿ ಕೆತ್ತಿದಳು. ಅದು ಗೋಡೆಯಿಂದ ಇಳಿದದ್ದೇ ಧೊಪ್ಪನೆ ಬಿತ್ತು. ಲುಗುಬ್ಬ ಹಲ್ಲು ಕಡಿದು ಅತ್ತೆಯ ಕಡೆ ಬೆರಳು ತೋರಿಸಿದ. ಅತ್ತೆ ಸೊಂಟದವರೆಗೆ ಒಣಮಣ್ಣಾದಳು.

"ಒಳ್ಳೇದಾಯ್ತು, ಮಂಡಿನೋವು ಹೋಯ್ತು," ಅಂದಳು ಅತ್ತೆ.

"ಈಗ ಚೇಳು ಕೆತ್ತು," ಅಂದ ಲುಗುಬ್ಬ.

ಶಿಬ್ತು ಕೊಂಡಿಯಿಲ್ಲದ ಚೇಳು ಕೆತ್ತಿದಳು. ಈ ಸಲ ಅವನು ಕಲ್ಲನ್ನೇ ಉಗುರಿನಿಂದ ತಡವಿ ನೋಡಿದ. ಕೊಂಡಿ ಸಿಗಲಿಲ್ಲ. ಅತ್ತೆ ಕುತ್ತಿಗೆಯವರೆಗೆ ಮಣ್ಣಾದಳು.

"ಇನ್ನೊಂದೇ ಸಲ. ಸಿಂಹ ಕೆತ್ತು. ಕೆಟ್ಟರೆ ನಿನ್ನತ್ತೆಯ ಬಾಯಿಗೂ ಮಣ್ಣೇ."

ಅತ್ತೆಯ ಬೈಗುಳವಿಲ್ಲದ ಮನೆಯನ್ನು ಶಿಬ್ತು ಒಮ್ಮೆ ನೆನೆಸಿಕೊಂಡಳು. ನದಿ ಹೋದರೆ ಹೋಗಲಿ, ಅತ್ತೆ ಉಳಿಯಲಿ ಅಂದುಕೊಂಡು ಉಳಿ ಹಿಡಿದಳು. ಈ ಸಲ ಮೋಸವಿಲ್ಲ. ಒಂದೊಂದು ಹಲ್ಲು, ಒಂದೊಂದು ಕೇಸರ, ಬಾಲದ ತುದಿಯ ಕುಚ್ಚು. ಕಣ್ಣೀರು ಕಲ್ಲಿನ ಧೂಳಿನ ಮೇಲೆ ಟಪಟಪ ಬಿತ್ತು.

ಮುಗಿಸಿ ಅತ್ತೆಯ ಕಣ್ಣ ಮುಂದೆ ಹಿಡಿದಳು. ಅತ್ತೆ ನೋಡಿದಳು. ಹುಬ್ಬು ಮೇಲೇರಿತು. ಬಾಯಿ ತೆರೆಯಿತು, ಮುಚ್ಚಿತು.

"ಚೆನ್ನಾಗಿದೆ," ಅಂದಳು.

ಶಿಬ್ತು ಕಲ್ಲನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡಳು. ಅತ್ತೆ ಹೊಗಳಿದಳೆಂದರೆ ಎಲ್ಲೋ ಭಾರೀ ಎಡವಟ್ಟಾಗಿದೆ! ಕಲ್ಲು ತಿರುಗಿಸಿ ನೋಡಿದಳು. ಸಿಂಹ ಎಡಕ್ಕೆ ನೋಡುತ್ತಿತ್ತು. ಕಲ್ಲಲ್ಲಿ ಎಡಕ್ಕೆ! ಅಳುವಿನಲ್ಲಿ ಅದೇ ಹಳೇ ತಪ್ಪು. ತಿದ್ದುತ್ತೇನೆ ಅನ್ನಲು ಬಾಯಿ ತೆರೆದವಳು ಅತ್ತೆಯ ಮುಖ ನೋಡಿದಳು. ಅತ್ತೆ ಕಣ್ಣು ಮಿಟುಕಿಸಿದಳು.

"ಆಯ್ತು, ಒಡೆಯಾ," ಅಂದಳು ಶಿಬ್ತು.

ಲುಗುಬ್ಬ ಕಲ್ಲನ್ನು ತಡವಿದ. "ಕಾಲು ಇವೆ. ಹಲ್ಲು ಇವೆ. ಬಾಲವೂ ಇದೆ. ಹೀಗೆ ದಾರಿಗೆ ಬಾ!" ಗಡಿಗೆಯನ್ನು ಮಗುವಿನಂತೆ ಕಂಕುಳಲ್ಲಿ ಅವುಚಿಕೊಂಡು, ತಾನೇ ಮುದ್ರೆ ಉರುಳಿಸಿದ, ಒಳಗೆ ಹೋಗಿ ಹಾಸಿಗೆ ಬಿಡಿಸತೊಡಗಿದ.

ಸಿಂಹ ಗೋಡೆಯಿಂದಿಳಿಯಿತು. ಬೀದಿಗೆ ಬೆನ್ನು, ಮನೆಗೆ ಮುಖ. ಸೀದಾ ಒಳಗೆ ಹೋಯಿತು.

"ಕೈಯಲ್ಲಿರೋದು ನಿಂದೇನಾ?"

"ಅಯ್ಯೋ, ಆ ಕಡೆ ತಿರುಗು! ನಾನು ನಿನ್ನ ಯಜಮಾನ!"

"ಕೈಯಲ್ಲಿರೋದು ನಿಂದೇನಾ?"

ಲುಗುಬ್ಬ ತನಗೆ ಬರುವ ಮಂತ್ರಗಳನ್ನೆಲ್ಲ ಹೇಳಿದ. ಸಿಂಹ ಆಕಳಿಸಿತು.

"ಕೈಯಲ್ಲಿರೋದು ನಿಂದೇನಾ?"

"ನಂದೇ! ನಂದೇ!"

ಗಡಿಗೆಯೊಳಗಿನ ಕಪ್ಪೆಗಳೆಲ್ಲ ಒಟ್ಟಿಗೆ ವಟಗುಟ್ಟಿದವು. ಸಿಂಹ ಅವನನ್ನು ಎತ್ತಿ ತಂದು ಬಾಗಿಲ ಗೋಡೆಯ ಹಸಿ ಜೇಡಿಗೆ ಒತ್ತಿತು. ಮಾಯಗಾರ ಗೋಡೆಯ ಮೇಲೆ ಬರೀ ಅಚ್ಚಾದ. ಗಡಿಗೆ ನೆಲಕ್ಕೆ ಬಿದ್ದು ಒಡೆಯಿತು, ನದಿ ಭೋರ್ಗರೆದು ಹೊರಟಿತು. ಅಚ್ಚು ತೊಳೆದುಹೋಯಿತು. ಸಿಂಹವೂ ಕರಗಿ ನೀರಿಗೆ ಸೇರಿತು.

"ಅತ್ತೇ!" ಎಂದು ಚೀರಿದ ಶಿಬ್ತು ಮುದುಕಿಯನ್ನು ತಬ್ಬಿ ಹಿಡಿದಳು. ನೀರು ತಾಕಿದಂತೆ ಮಣ್ಣು ಕಳಚಿತು. ಮೊದಲು ಕಾಲು, ಆಮೇಲೆ ಸೊಂಟ, ಆಮೇಲೆ ನಡುಗುವ ಎರಡು ಕೈ. ಆ ಕೈ ಶಿಬ್ತುವಿನ ತಲೆ ನೇವರಿಸಿತು, ಹಾಗೇ ಒಮ್ಮೆ ಮೊಟಕಿತು.

"ತಿರುಗಾಮುರುಗಾ ಅಂತ ಎಷ್ಟು ಸಲ ಹೇಳಿದೀನಿ?"

ಶಿಬ್ತು ಅಳುತ್ತಲೇ ನಕ್ಕಳು. ಅಂಗಳದ ಜೊಂಡು ಹುಲ್ಲೆಲ್ಲ ಸೀನುತ್ತಾ ಸೈನಿಕರಾಗಿ ಎದ್ದಿತು.

ಅಂದಿನಿಂದ ಉಮ್ಮಾರಿನ ಪ್ರತಿ ಬಾಗಿಲಿಗೂ ಎರಡು ಕಾವಲು: ಒಂದು ಬೀದಿ ನೋಡುವುದಕ್ಕೆ, ಇನ್ನೊಂದು ಮನೆಯೊಳಕ್ಕೆ ನೋಡುವುದಕ್ಕೆ. ಮೊದಲು ಗೊಣಗಿದವನು ರಾಜನೇ ಅಂತೆ. ಆದರೂ ಹೊಲ ಹಸಿರಾಯಿತು, ಖರ್ಜೂರ ಹಣ್ಣಾಯಿತು, ಅತ್ತೆಯ ಬೈಗುಳ ಬೀದಿಯ ಕೊನೆಯವರೆಗೂ ಕೇಳಿಸಿತು. ಅದನ್ನು ಕೇಳುತ್ತಾ ಊರಿಗೆ ಊರೇ ನೆಮ್ಮದಿಯಾಗಿ ನಿದ್ದೆ ಮಾಡಿತು.