ಕಬ್ಬಿಣದ ಕಡಲು ನಿಂತಾಗ

ಬಹಳ ಹಿಂದಿನ ಮಾತು, ಕಡಲಿನ ನೀರು ಇನ್ನೂ ಇಷ್ಟು ಉಪ್ಪಾಗಿರದ ಕಾಲ. ಅಲೆಗೇರಿ ಅಂತ ಒಂದು ರಾಜ್ಯವಿತ್ತು. ಅಲ್ಲಿನ ಗಂಡಸರೆಲ್ಲ ಹಡಗಿನವರು. ಹಡಗಿಗೊಂದು ದಿಕ್ಸೂಚಿ, ಅದರ ಮುಳ್ಳು ಸದಾ ಉತ್ತರಕ್ಕೆ. ಅದನ್ನು ನಂಬಿ ಅವರು ಎಷ್ಟು ದೂರ ಬೇಕಾದರೂ ಹೋಗಿಬರುತ್ತಿದ್ದರು.

ಒಂದು ದಿನ ಏನಾಯಿತೋ ಏನೋ, ರಾಜ್ಯದ ದಿಕ್ಸೂಚಿಗಳೆಲ್ಲ ದಿಕ್ಕೆಟ್ಟವು. ಮುಳ್ಳು ಒಮ್ಮೆ ಇತ್ತ, ಒಮ್ಮೆ ಅತ್ತ. ಆಕಾಶ ನೋಡಿ ಬರೋಣವೆಂದರೆ ಬರೀ ಮೋಡ. ಸೂರ್ಯನೂ ಇಲ್ಲ, ನಕ್ಷತ್ರವೂ ಇಲ್ಲ. ಹಡಗುಗಳೆಲ್ಲ ನಡುಗಡಲಲ್ಲಿ! ಅಯ್ಯೋ ದೇವರೇ, ಊರಿಗೆ ಊರೇ ದಂಡೆಯಲ್ಲಿ ಬಾಯಿ ಒಣಗಿಸಿಕೊಂಡು ನಿಂತಿತು.

ಇದು ಮಸಿಕಂಠ ಅನ್ನೋ ಮಾಂತ್ರಿಕನ ಕೆಲಸ. ದಾರಿ ತಪ್ಪಿದ ಹಡಗುಗಳು ತನ್ನ ಕರಿಬಂಡೆಗೆ ಬಡಿದು ಒಡೆಯಲಿ, ಸರಕೆಲ್ಲ ತನಗಾಗಲಿ ಅಂತ ಅವನ ಹಂಚಿಕೆ. ಭೂಮಿಯ ಹೊಟ್ಟೆಯೊಳಗೆ ಇಳಿದು ಅವನು ಏನೋ ಮಾಟ ಮಾಡಿದ್ದಾನೆ ಅಂತ ಸುದ್ದಿ ಹಬ್ಬಿತು.

ಆ ಊರಲ್ಲಿ ಬಾಗಿ ಅಂತ ಒಬ್ಬಳು ಹೆಣ್ಣುಮಗಳು. ಹೊಸದಾಗಿ ಮದುವೆಯಾದವಳು, ಗಂಡ ಹಡಗಿನಲ್ಲಿ. ಅವಳು ನೆಟ್ಟಗೆ ಅರಮನೆಗೆ ಹೋದಳು. "ದೊರೆಯೇ, ನಾನು ಕೆಳಗಿಳಿದು ನೋಡಿ ಬರ್ತೀನಿ."

"ಹುಚ್ಚಿ! ಅಲ್ಲಿ ಬೆಂದುಹೋಗ್ತೀಯ!" ಅಂದ ದೊರೆ.

"ಇಲ್ಲಿ ಕೂತರೂ ಬೇಯೋದೇ ತಾನೆ? ನಿಮ್ಮ ಮಗನೂ ಅದೇ ಹಡಗಿನಲ್ಲಿದಾನೆ."

ಪಕ್ಕದಲ್ಲಿ ಕೂತಿದ್ದ ರಾಜಮಾತೆ ಎದ್ದು, ಪೆಟ್ಟಿಗೆಯಿಂದ ಒಂದು ಹಸಿರು ಸೀರೆ ತಂದು ಕೊಟ್ಟಳು. ಅದನ್ನು ಉಟ್ಟವರನ್ನು ಬೆಂಕಿ ಸುಡುವುದಿಲ್ಲ, ಭಾರ ಜಜ್ಜುವುದಿಲ್ಲ. ಬಾಗಿ ಅದನ್ನುಟ್ಟು ಒಂದು ಗವಿಯೊಳಗೆ ಇಳಿದಳು.

ಮೊದಲು ಸಿಕ್ಕಿದ್ದು ಭೂಮಿಯ ತೊಗಟೆ. ಬೆಟ್ಟ, ಬಯಲು, ಕಡಲತಳ, ನಾವು ನೀವು ನಿಂತ ನೆಲ ಎಲ್ಲ ಅದೇ. ಅದರ ಕಾವಲಿಗೆ ಗುಡ್ಡದಂಥ ಒಂದು ಚಿಪ್ಪುಹಂದಿ ಕೂತಿತ್ತು.

"ದಾರಿ ಬಿಡು ಮಾಮ."

"ಎಲ್ಲಿಗೆ? ಭೂಮಿ ಅಂದರೆ ನನ್ನ ಈ ಬಂಡೆಯೇ. ಇದರ ಕೆಳಗೆ ಏನೂ ಇಲ್ಲ, ಹೋಗು ಹೋಗು."

"ಹೌದಾ? ತೋಡು, ನೋಡೇಬಿಡೋಣ. ತೋಡೋಕೆ ಬರಲ್ಲ ಅಂದ್ರೆ ಬಿಡು, ನಾನು ಯಾರಿಗೂ ಹೇಳಲ್ಲ."

ಹಂದಿಗೆ ರೋಷ ಉಕ್ಕಿತು. ಪರಪರ ತೋಡಿತು. ಮೈ ಬೆವರುವ ಮೊದಲೇ ಬಂಡೆ ಮುಗಿದು ತೂತು ಬಿತ್ತು! "ಇಷ್ಟೇನಾ ನಾನು?" ಅಂತ ಪಾಪ ಪೆಚ್ಚಾಯಿತು. ಇಡೀ ಭೂಮಿಯೆದುರು ಆ ತೊಗಟೆ ಮಾವಿನಹಣ್ಣಿನ ಸಿಪ್ಪೆಯಷ್ಟು ತೆಳು, ಏನು ಮಾಡೋದು ಹೇಳಿ.

ಅದರ ಕೆಳಗಿನದು ಪಂಡಿತರು ಮ್ಯಾಂಟಲ್ ಅನ್ನುವ ಪದರ. ಭೂಮಿಯಲ್ಲಿ ಬಹುಪಾಲು ಇದೇ. ಕಾದ ಬಂಡೆ, ಗಟ್ಟಿಯೂ ಹೌದು, ಆದರೂ ನಿಧಾನಕ್ಕೆ ಜರುಗುತ್ತಲೇ ಇರುತ್ತದೆ. ಇಲ್ಲಿ ಕಲ್ಲಿನ ಆನೆಯೊಂದು ದಾರಿಗಡ್ಡ ನಿಂತಿತ್ತು.

"ಸ್ವಲ್ಪ ಸರಿ ಅಜ್ಜ."

"ಸರೀತಾ ಇದೀನಲ್ಲ ಮಗಳೇ," ಅಂತು ಆನೆ. "ವರ್ಷಕ್ಕೆ ನಿನ್ನ ಉಗುರು ಬೆಳೆಯೋವಷ್ಟು."

"ನಿನ್ನ ತಲೆ! ನೀನು ಒಂದು ಕಾಲು ಎತ್ತಿಡೋ ಹೊತ್ತಿಗೆ ನಾನು ಮುದುಕಿಯಾಗಿ, ನನ್ನ ಮೊಮ್ಮಗಳು ಮುದುಕಿಯಾಗಿ, ಅವಳ ಮೊಮ್ಮಗಳಿಗೂ ಹಲ್ಲು ಬಿದ್ದಿರ್ತದೆ!"

ಆನೆಗೆ ನಗು ತಡೆಯಲಾಗಲಿಲ್ಲ. ಯುಗದಿಂದ ನಗದ ಆನೆ ಹೊಟ್ಟೆ ಕುಲುಕಿಸಿ ನಕ್ಕಿತು. ಮೇಲೆ ಎಲ್ಲೋ ಪಾತ್ರೆಪಡಗವೆಲ್ಲ ಗಲಗಲ ಅಲುಗಿದವಂತೆ. ಆ ನಗುವಿಗೆ ಬಂಡೆ ಬಿರಿಯಿತು, ಬಾಗಿ ಬಿರುಕಿನೊಳಗೆ ಜಾರಿಬಿಟ್ಟಳು.

ಜಾರಿ ಬಿದ್ದದ್ದು ಒಂದು ಕರಿ ಕಂಬಳಿಯ ಮೇಲೆ. ಕಂಬಳಿಯ ಅಂಚಿನಲ್ಲಿ ಒಂದು ಹೆಣ್ಣು ಸರ್ಪ ಕಣ್ಣೀರಿಡುತ್ತಾ ಸುತ್ತಿಕೊಂಡಿತ್ತು.

"ಯಾಕೆ ಅಳ್ತೀಯ ನಾಗಮ್ಮ?"

"ಈ ಕಂಬಳಿಯ ಅಡಿಯಲ್ಲಿ ನನ್ನ ಕಡಲಿದೆ ತಾಯಿ, ಭೂಮಿಯ ಹೊರತಿರುಳು. ಕರಗಿದ ಕಬ್ಬಿಣದ ಕಡಲು. ಒಲೆ ಮೇಲಿನ ಗಂಜಿ ಹಾಗೆ ಕೆಳಗಿನ ಬಿಸಿ ಮೇಲೇರಿ, ತುಸು ಆರಿ, ಮತ್ತೆ ಮುಳುಗಿ, ಸದಾ ಮಗುಚುತ್ತಿತ್ತು. ಅದು ಮಗುಚಿದರೇ ಭೂಮಿ ಅಯಸ್ಕಾಂತ ಆಗೋದು, ನಿಮ್ಮ ಮುಳ್ಳಿಗೆ ದಿಕ್ಕು ತಿಳಿಯೋದು. ಆ ಪಾಪಿ ಮಸಿಕಂಠ ಮಾಯದ ಕಂಬಳಿ ಮುಚ್ಚಿಬಿಟ್ಟ. ಬಿಸಿ ಮೇಲೆ ಹೋಗೋ ಹಾಗಿಲ್ಲ. ಕಡಲು ನಿಂತೇಹೋಯ್ತು."

"ಎಳೆದು ಬಿಸಾಕಿದರೆ?"

"ಎಳೆದರೆ ಬರಲ್ಲ. ಹಡಗಿನಲ್ಲಿರೋ ಗಂಡನನ್ನ ಹೆಂಡತಿಯಾದವಳು ಹೆಸರು ಹಿಡಿದು ಕೂಗಬೇಕು. ನಿಮ್ಮ ನಾಡಿನ ಹೆಂಗಸರು ಸತ್ತರೂ ಗಂಡನ ಹೆಸರು ಹೇಳಲ್ಲ ಅಂತ ಆ ಪಾಪಿಗೆ ಗೊತ್ತು. ಅದೇ ಅವನ ಧೈರ್ಯ."

ಬಾಗಿಯ ಮುಖ ಕೆಂಪಾಯಿತು. ಸೆರಗು ಬಾಯಿಗೆ ಅಡ್ಡ ಹಿಡಿದು, "ಏನ್ರೀ..." ಅಂದಳು. ಕಂಬಳಿ ಅಲುಗಲಿಲ್ಲ. "ನಮ್ಮನೆಯವರೇ!" ಅಂದಳು. ಊಹೂಂ. ಅಷ್ಟರಲ್ಲಿ ಮಸಿಕಂಠ ಹಲ್ಲು ಕಿರಿಯುತ್ತಾ ಬಂದೇಬಿಟ್ಟ. "ಹೇಳು, ಹೇಳು! ನಾಚಿಕೆ ಬಿಟ್ಟವಳು ಅಂತ ನಾಳೆ ಊರೆಲ್ಲ ಆಡಿಕೊಳ್ಳಲಿ. ನಿನ್ನ ಗಂಡನ ಹಡಗು ಆಗಲೇ ಬಂಡೆ ಹತ್ತಿರ ಬಂದಿದೆ."

ಆಡಿಕೊಂಡರೆ ಆಡಿಕೊಳ್ಳಲಿ! ಬಾಗಿ ಸೆರಗು ಬಿಟ್ಟು, ಗಂಟಲು ಹರಿಯುವಂತೆ ಕೂಗಿದಳು: "ಗೋಯಿಂದಾ! ಏ ಗೋಯಿಂದಾ! ಮನೆಗೆ ಬಾರೋ!"

ಕಂಬಳಿ ಸರ್‍ರನೆ ಮೇಲೆದ್ದಿತು, ಮಸಿಕಂಠನನ್ನೇ ಸುತ್ತಿಕೊಂಡಿತು, ಅವನನ್ನು ಎಳೆದುಕೊಂಡು ನಟ್ಟನಡುವಿಗೆ ಮುಳುಗಿತು. ಅಲ್ಲಿರುವುದು ಒಳತಿರುಳು, ಕಬ್ಬಿಣದ ಗಟ್ಟಿ ಗುಂಡು. ಎಲ್ಲಕ್ಕಿಂತ ಬಿಸಿ ಅಲ್ಲೇ, ಆದರೂ ಕರಗುವುದಿಲ್ಲ. ಇಡೀ ಭೂಮಿಯ ಭಾರ ಸುತ್ತಲಿಂದ ಒತ್ತುತ್ತದಲ್ಲ, ಕರಗಲು ಬಿಡುವುದೇ ಇಲ್ಲ. ಮಾಂತ್ರಿಕ ಅಲ್ಲಿ ಅಂಟಿಕೊಂಡವನು ಮತ್ತೆ ಏಳಲಿಲ್ಲ.

ಬಿಸಿ ಮೇಲೇರಿತು. ಕಬ್ಬಿಣದ ಕಡಲು ಒಮ್ಮೆ ಮಗ್ಗುಲು ಬದಲಿಸಿ, ಮತ್ತೆ ಮಗುಚತೊಡಗಿತು. ನಾಗಮ್ಮ ಬಾಗಿಯನ್ನು ಹೆಡೆಯ ಮೇಲೆ ಕೂರಿಸಿಕೊಂಡು ದಂಡೆಗೆ ತಂದು ಬಿಟ್ಟಳು.

ಮುಳ್ಳುಗಳು ಉತ್ತರಕ್ಕೆ ತಿರುಗಿ ನಿಂತಿದ್ದವು. ಅಬ್ಬಾ! ಹಡಗುಗಳು ಒಂದೊಂದಾಗಿ ಬಂದವು. ದೊರೆ ಕಿರೀಟ ಬಿದ್ದದ್ದೂ ನೋಡದೆ ನೀರಿಗೆ ಓಡಿ ಮಗನನ್ನು ತಬ್ಬಿಕೊಂಡ. ಕೊನೆಗೆ ಇಳಿದವನು ಗೋಯಿಂದ. ಬಾಗಿ ಏನೇನೋ ಹೇಳಬೇಕು ಅಂದುಕೊಂಡಿದ್ದಳು. ಬಾಯಿಗೆ ಬಂದದ್ದು ಒಂದೇ ಮಾತು: "ಊಟ ಆಯ್ತಾ?"

"ಎಲ್ಲಿಯ ಊಟ ಮಾರಾಯ್ತಿ," ಅಂದ ಅವನು, "ದಾರಿ ಸಿಕ್ಕಿದ್ದೇ ದೊಡ್ಡದು."

ಅವಳು ನಗಲು ಹೋಗಿ ಗೊಳೋ ಅಂತ ಅತ್ತುಬಿಟ್ಟಳು. ಆ ದಿನ ಅಲೆಗೇರಿಯ ಎಲ್ಲ ಮನೆಗಳಲ್ಲೂ ಎರಡೆರಡು ಸಲ ಅನ್ನಕ್ಕಿಟ್ಟರು. ಎಲ್ಲರೂ ಹೊಟ್ಟೆ ತುಂಬ ಉಂಡರು, ಕಣ್ಣು ತುಂಬ ನಿದ್ದೆ ಮಾಡಿದರು, ಆಮೇಲೆ ಬಹುಕಾಲ ಸುಖವಾಗಿದ್ದರು.